ಕಾರ್ಡಿನಿಂದ ಕಂಪ್ಯೂಟರಿಗೆ ಬರುವಾಗ ನಮ್ಮ ಚರಿತ್ರೆ ಎಲ್ಲಿ ಬಿದ್ದುಹೋಯ್ತು?

ಇದು ಸ್ವಲ್ಪ ಉದ್ದದ ಬರಹ. ಬಿಡುವಾದಾಗ ಪೂರ್ತಿ ಓದಿ. ನಿಮ್ಮ ಸಂಘಟನೆಯಲ್ಲಿ ಹಳೇ ಕ್ಯಾಸೆಟ್ಟು, ಮೆಮೊರಿ ಕಾರ್ಡು ಇಟ್ಟುಕೊಂಡಿರುವವರಿದ್ದರೆ ಅವರಿಗೂ ಓದಿಸಿ.

ನಮ್ಮ ಭಾಗದ ಚಳವಳಿಯ ಚರಿತ್ರೆ ದಾಖಲಿಸಲು ಹೊರಟಿರುವ ಒಬ್ಬ ಹುಡುಗ ಕಳೆದ ವಾರ ಫೋನ್ ಮಾಡಿ ಕೇಳಿದ. "ಅಣ್ಣಾ, ಎಂಬತ್ತರ ದಶಕದ ಕರಪತ್ರ ಸಿಗ್ತಾವೆ, ಕಪ್ಪುಬಿಳುಪು ಫೋಟೋ ಸಿಗ್ತಾವೆ. 2005ರಿಂದ 2012ರವರೆಗಿನ ವಿಡಿಯೋ ಮಾತ್ರ ಯಾರ ಹತ್ರಾನೂ ಇಲ್ಲ. ಆಗ ನೀವೆಲ್ಲ ಕ್ಯಾಮೆರಾ ಹಿಡ್ಕೊಂಡೇ ಓಡಾಡ್ತಿದ್ರಂತೆ. ಎಲ್ಲಿ ಹೋಯ್ತು ಅದೆಲ್ಲ?"

ನನಗೆ ಉತ್ತರ ಗೊತ್ತಿತ್ತು. ಹೇಳೋಕೆ ನಾಚಿಕೆ ಆಯ್ತು. ಅವನಿಗೆ ಫೋನಿನಲ್ಲಿ ಹೇಳಲಾಗದ್ದನ್ನ ಇಲ್ಲಿ ಬರೀತಿದ್ದೀನಿ.

2010ರಲ್ಲಿ ಒಂದು ಊರಿನ ಕೇರಿಗೆ ಹೋಗಿದ್ವಿ. ಹೋಟೆಲಿನಲ್ಲಿ ಬೇರೆ ಲೋಟ ಇಟ್ಟ ಗಲಾಟೆ. ಅಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಇದ್ದಳು. ಲೋಟದ ವಿಷಯ ಕೇಳಿದರೆ ಅವಳು ಅರವತ್ತು ವರ್ಷದ ಕಥೆ ಬಿಚ್ಚಿದಳು. ಬಿಟ್ಟಿ ಚಾಕರಿ, ಸತ್ತ ದನ ಹೊರೋದು, ಹೆರಿಗೆಯಾದ ಮೂರನೇ ದಿನಕ್ಕೆ ಗೌಡರ ಕಣಕ್ಕೆ ಹೋಗಿದ್ದು. ಮದುವೆ ವಿಡಿಯೋ ಮಾಡುವ ಗೆಳೆಯನ ಹತ್ರ ಕ್ಯಾಮ್‌ಕಾರ್ಡರ್ ಎರವಲು ತಂದಿದ್ದೆ. ನಲವತ್ತು ನಿಮಿಷ ರೆಕಾರ್ಡ್ ಮಾಡಿದೆ. ಅದೇ ಕ್ಯಾಮೆರಾದಲ್ಲಿ ಒಂದಷ್ಟು ಫೋಟೋನೂ ತೆಗೆದೆ.

ರಾತ್ರಿ ಇನ್ನೊಬ್ಬ ಗೆಳೆಯನ ಕಂಪ್ಯೂಟರಿಗೆ ಕಾರ್ಡ್ ಹಾಕಿದ್ವಿ. ಫೋಟೋ ಜೋಡಿಸಿಡುವ ಸಾಫ್ಟ್‌ವೇರ್ ತಾನಾಗೇ ತೆರೆದುಕೊಳ್ತು. ಇಂಪೋರ್ಟ್ ಒತ್ತಿದೆ. ಪಟ್ಟಿ ಓಡಿತು, ಮುಗೀತು ಅಂತ ತೋರಿಸ್ತು. ಮೊದಲ ಸಾಲಿನಲ್ಲೇ ಅಜ್ಜಿಯ ಫೋಟೋ ಕಂಡಿತು. ಎಲ್ಲ ಬಂತು ಅಂದುಕೊಂಡು ಬೆಳಿಗ್ಗೆ ಕ್ಯಾಮೆರಾ ವಾಪಸ್ ಕೊಟ್ಟೆ. ಗೆಳೆಯನಿಗೆ ಅವತ್ತೇ ಮದುವೆ ಇತ್ತು. ಕಾರ್ಡ್ ಫಾರ್ಮ್ಯಾಟ್ ಮಾಡಿಕೊಂಡ.

ಬಂದಿದ್ದು ಫೋಟೋ ಮಾತ್ರ. ವಿಡಿಯೋ ಒಂದೂ ಬಂದಿರಲಿಲ್ಲ. ಗೊತ್ತಾಗುವ ಹೊತ್ತಿಗೆ ಆ ಕಾರ್ಡಿನ ಮೇಲೆ ಎರಡು ಮದುವೆ ಆಗಿಹೋಗಿದ್ವು. ಅಜ್ಜಿ ಮರುವರ್ಷ ತೀರಿಕೊಂಡಳು. ಆ ಫೋಟೋ ಈಗಲೂ ಇದೆ. ಬಾಯಿ ತೆರೆದು, ಕೈ ಎತ್ತಿ ಏನೋ ಹೇಳ್ತಿದ್ದಾಳೆ. ಏನು ಅಂತ ಫೋಟೋ ಹೇಳಲ್ಲ.

ತಪ್ಪು ನನ್ನದು. ಆದರೆ ಇದು ನನ್ನೊಬ್ಬನ ತಪ್ಪಾಗಿದ್ದರೆ ಆ ಹುಡುಗನಿಗೆ ಬೇರೆಯವರ ಹತ್ರವಾದರೂ ವಿಡಿಯೋ ಸಿಗಬೇಕಿತ್ತಲ್ಲ. ಹಾಗಾಗಿ ಇದರ ಹಿಂದಿನ ಚರಿತ್ರೆ ಸ್ವಲ್ಪ ತಿಳಿದುಕೊಳ್ಳೋಣ.

ಚಲಿಸುವ ಚಿತ್ರದಲ್ಲಿ ನಮ್ಮನ್ನ ನಾವೇ ಹಿಡಿದಿಡಬೇಕು ಅನ್ನೋ ಹಟ ಇವತ್ತಿನದಲ್ಲ. 1956ರ ಡಿಸೆಂಬರ್ 7ರಂದು ಮುಂಬೈನ ದಾದರಿನಲ್ಲಿ ಬಾಬಾಸಾಹೇಬರ ಅಂತಿಮಯಾತ್ರೆ ನಡೆದಾಗ ಅದನ್ನ ಚಿತ್ರೀಕರಿಸಿದವರು ನಾಮದೇವ ವ್ಹಟ್ಕರ್. ಅವರು ಸ್ವಂತ ಹಟದಿಂದ ಕ್ಯಾಮೆರಾ ಹೊಂದಿಸಿ ತೆಗೆದ ಚಿತ್ರ ಅದು. ಅವತ್ತು ಅದು ಫಿಲ್ಮ್ ರೀಲು. ದುಬಾರಿ, ಬಡವರ ಕೈಗೆ ಸಿಗದ ವಸ್ತು.

ವಿಡಿಯೋ ಬಂದ ಮೇಲೆ ಲೆಕ್ಕ ಬದಲಾಯ್ತು. ಜಪಾನಿನ ಜೆವಿಸಿ ಕಂಪನಿ ವಿಎಚ್‌ಎಸ್ ತಂದಿದ್ದು 1976ರಲ್ಲಿ. ಕ್ಯಾಮೆರಾ ಮತ್ತು ರೆಕಾರ್ಡರ್ ಒಂದೇ ಪೆಟ್ಟಿಗೆಯಲ್ಲಿರುವ ಕ್ಯಾಮ್‌ಕಾರ್ಡರನ್ನ ಸೋನಿ ಮನೆಬಳಕೆಗೆ ತಂದಿದ್ದು 1983ರಲ್ಲಿ. 1985ರಲ್ಲಿ ಅಂಗೈಯಗಲದ ಕ್ಯಾಸೆಟ್ಟಿನ ವಿಡಿಯೋ8 ಬಂತು. ನಮ್ಮ ಊರುಗಳಿಗೆ ಇದೆಲ್ಲ ತಲುಪಿದ್ದು ಮದುವೆ ಮನೆಯ ಮೂಲಕ. ಹೆಗಲ ಮೇಲೆ ದೊಡ್ಡ ಕ್ಯಾಮೆರಾ, ಹಿಂದೆ ಕಣ್ಣು ಕುಕ್ಕುವ ಲೈಟ್ ಹಿಡಿದ ಹುಡುಗ, ನೆನಪಿದೆಯಲ್ಲ? ಜಾಥಾ, ಸಮಾವೇಶಗಳಿಗೂ ಅವರೇ ಬರ್ತಿದ್ರು. ಕ್ಯಾಸೆಟ್ಟಿನ ಕಾಲಕ್ಕೆ ಅದರದ್ದೇ ತೊಂದರೆ ಇತ್ತು. ಕಾಪಿಯಿಂದ ಕಾಪಿಗೆ ಚಿತ್ರ ಮಾಸುತ್ತಿತ್ತು, ಬೂಷ್ಟು ಹಿಡಿಯುತ್ತಿತ್ತು, ಒಂದರ ಮೇಲೆ ಇನ್ನೊಂದು ರೆಕಾರ್ಡ್ ಮಾಡಿಬಿಡ್ತಿದ್ರು. ಆದರೂ ಅದು ಕಣ್ಣಿಗೆ ಕಾಣುವ ವಸ್ತು. ಮೇಲೆ ಊರು, ತಾರೀಖು ಬರೆದು ಟ್ರಂಕಿನಲ್ಲಿ ಇಟ್ಟರೆ ಇರ್ತಿತ್ತು.

1995ರಲ್ಲಿ ಮಿನಿ ಡಿವಿ ಬಂತು. ಟೇಪೇ, ಆದರೆ ಅದರೊಳಗಿದ್ದದ್ದು ಡಿಜಿಟಲ್ ದಾಖಲೆ. ಫೈರ್‌ವೈರ್ ಅನ್ನೋ ಕೇಬಲ್ಲಿನಲ್ಲಿ ಕಂಪ್ಯೂಟರಿಗೆ ಇಳಿಸಿದರೆ ಗುಣಮಟ್ಟ ಕೂದಲೆಳೆಯಷ್ಟೂ ಕಡಿಮೆ ಆಗ್ತಿರಲಿಲ್ಲ. ಪ್ರಪಂಚದ ತುಂಬ ಸ್ವತಂತ್ರ ಸಾಕ್ಷ್ಯಚಿತ್ರಗಳಿಗೆ ಬಲ ಕೊಟ್ಟಿದ್ದು ಈ ಪುಟ್ಟ ಟೇಪು. ಬೀದರಿಗೆ ಅಂಟಿಕೊಂಡಂತಿರುವ ಜಹೀರಾಬಾದ್ ಸೀಮೆಯಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಹೆಣ್ಣುಮಕ್ಕಳು ಕ್ಯಾಮೆರಾ ಕಲಿತಿದ್ದೂ ಇದೇ ಸುಮಾರಿಗೆ. ಕೂಲಿ ಮಾಡುವ, ಶಾಲೆ ಮೆಟ್ಟಿಲು ಹತ್ತದ ಹೆಣ್ಣುಮಕ್ಕಳು. ಕ್ಯಾಮೆರಾ ಕೋನಗಳಿಗೆ ಅವರೇ ಹೆಸರಿಟ್ಟರು. ಮೇಲಿನಿಂದ ಕೆಳಗೆ ನೋಡಿದರೆ ಪಟೇಲ್ ಶಾಟ್, ಸಮನಾಗಿ ಕಣ್ಣಿಗೆ ಕಣ್ಣಿಟ್ಟು ನೋಡಿದರೆ ಸಂಘಂ ಶಾಟ್.

ಮುಂಬೈನ ರಮಾಬಾಯಿ ನಗರದಲ್ಲಿ 1997ರ ಜುಲೈ 11ರಂದು, ಅಂಬೇಡ್ಕರ್ ಪ್ರತಿಮೆಗೆ ಆದ ಅವಮಾನ ಪ್ರತಿಭಟಿಸಿದವರ ಮೇಲೆ ಪೊಲೀಸರು ಗುಂಡು ಹಾರಿಸಿ 10 ಜನರನ್ನ ಕೊಂದರು. ಅಲ್ಲಿಂದ ಶುರು ಮಾಡಿ 14 ವರ್ಷ ಚಿತ್ರೀಕರಿಸಿ ಆನಂದ್ ಪಟವರ್ಧನ್ 2011ರಲ್ಲಿ 'ಜೈ ಭೀಮ್ ಕಾಮ್ರೇಡ್' ಮುಗಿಸಿದರು. ಈ 14 ವರ್ಷ ಅನ್ನೋದನ್ನ ಗಮನಿಸಿ. ಕ್ಯಾಮೆರಾದೊಳಗಿನಿಂದ ಟೇಪು ಮಾಯವಾಗಿ ಅದರ ಜಾಗಕ್ಕೆ ಫೈಲು ಬಂದಿದ್ದು ಇದೇ ಅವಧಿಯಲ್ಲಿ. ಪೂರ್ಣಾವಧಿ ನಿರ್ದೇಶಕರು ಆ ಬದಲಾವಣೆ ದಾಟಿದರು. ಎರವಲು ಕ್ಯಾಮೆರಾ ಹಿಡಿದ ನಮ್ಮಂಥವರು ನಡುವೆ ಬಿದ್ವಿ.

ಮಿನಿ ಡಿವಿಯಲ್ಲೇ ಒಂದು ಅಡ್ಡಿ ಇತ್ತು. ಒಂದು ಗಂಟೆಯ ಟೇಪು ಇಳಿಸಲು ಒಂದು ಗಂಟೆಯೇ ಬೇಕು. ಅದು ಸುಮಾರು 13 ಜಿಬಿ ಜಾಗ ತಿನ್ನುತ್ತಿತ್ತು. 40 ಜಿಬಿ ಹಾರ್ಡ್‌ಡಿಸ್ಕೇ ದೊಡ್ಡದಾಗಿದ್ದ ಕಾಲ. ಮೂರು ಟೇಪಿಗೆ ಡಿಸ್ಕ್ ಭರ್ತಿ. ಫೈರ್‌ವೈರ್ ಪೋರ್ಟ್ ಇರುವ ಕಂಪ್ಯೂಟರ್ ಹುಡುಕೋದು ಇನ್ನೊಂದು ಪಾಡು. ಹಾಗಾಗಿ ಟೇಪು ಟೇಪಾಗಿಯೇ ಉಳೀತು, ಆಮೇಲೆ ಆಡಿಸುವ ಯಂತ್ರವೇ ಇಲ್ಲದಾಯ್ತು. ವಿಎಚ್‌ಎಸ್ ಕಥೆಯೂ ಅಷ್ಟೇ. ಕೊನೆಯದಾಗಿ ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ನಿಲ್ಲಿಸಿಬಿಡ್ತು.

ಈಗ ನನ್ನ ಅಜ್ಜಿಯ ಕಾರ್ಡಿಗೆ ಬರ್ತೀನಿ.

2004ರಲ್ಲಿ ಜೆವಿಸಿ ಟೇಪಿಲ್ಲದ ಎವೆರಿಯೋ ಕ್ಯಾಮ್‌ಕಾರ್ಡರ್ ತಂತು. ಅದರ ಫೈಲಿನ ಬಾಲದಲ್ಲಿ 'ಎಂಒಡಿ' ಅಂತ ಇರ್ತಿತ್ತು. ಒಳಗಿದ್ದದ್ದು ಡಿವಿಡಿಗೆ ಬಳಸುವ ಎಂಪೆಗ್-2. ಅದನ್ನ ಓದುವ ಸಾಮರ್ಥ್ಯಕ್ಕೆ ಪೇಟೆಂಟ್ ಶುಲ್ಕ ಇತ್ತು. ಆ್ಯಪಲ್ ತನ್ನ ಕ್ವಿಕ್‌ಟೈಮಿಗೆ ಎಂಪೆಗ್-2 ಓದುವ ತುಣುಕನ್ನ ಸುಮಾರು 20 ಡಾಲರಿಗೆ ಬೇರೆಯಾಗಿ ಮಾರ್ತಿತ್ತು. ನೀವೇ ತೆಗೆದ ವಿಡಿಯೋ ನೀವೇ ನೋಡೋಕೆ ಬೇರೆ ಕಾಸು.

2006ರಲ್ಲಿ ಸೋನಿ ಮತ್ತು ಪ್ಯಾನಾಸೋನಿಕ್ ಸೇರಿ ಎವಿಸಿಎಚ್‌ಡಿ ಅನ್ನೋ ಹೊಸ ಕ್ರಮ ತಂದರು. ಚಿತ್ರ ಸ್ಪಷ್ಟ, ಜಾಗ ಕಡಿಮೆ. ಆದರೆ ಅದರ ಒಳಮನೆ ಕಟ್ಟಿದ್ದು ಬ್ಲೂರೇ ಡಿಸ್ಕಿನ ಮಾದರಿಯಲ್ಲಿ. ಕಾರ್ಡಿನಲ್ಲಿ 'ಪ್ರೈವೇಟ್' ಅನ್ನೋ ಫೋಲ್ಡರು, ಅದರೊಳಗೆ 'ಎವಿಸಿಎಚ್‌ಡಿ', ಅದರೊಳಗೆ 'ಬಿಡಿಎಂವಿ', ಅದರೊಳಗೆ 'ಸ್ಟ್ರೀಮ್'. ಅಲ್ಲಿ 00000.ಎಂಟಿಎಸ್, 00001.ಎಂಟಿಎಸ್ ಅಂತ ಹೆಸರಿಲ್ಲದ ಫೈಲುಗಳು. ಹಟ್ಟಿ ಊರ ಹೊರಗಿದ್ದ ಹಾಗೆ ವಿಡಿಯೋ ಆ ಕಾರ್ಡಿನ ಯಾವುದೋ ಮೂಲೆಯಲ್ಲಿ.

ಫೋಟೋಗಳದ್ದು ಬೇರೆ ಮನೆ. ಡಿಜಿಟಲ್ ಸ್ಟಿಲ್ ಕ್ಯಾಮೆರಾ ಕಂಪನಿಗಳು 1998ರಲ್ಲೇ ಒಂದು ಒಪ್ಪಂದಕ್ಕೆ ಬಂದಿದ್ವು. ಯಾವ ಕ್ಯಾಮೆರಾ ಆದರೂ ಫೋಟೋ 'ಡಿಸಿಐಎಂ' ಅನ್ನೋ ಫೋಲ್ಡರಿನಲ್ಲೇ ಇರಬೇಕು ಅಂತ. ಆಮೇಲೆ ಬಂದ ಫೋಟೋ ಸಾಫ್ಟ್‌ವೇರುಗಳು, 2002ರಲ್ಲಿ ಆ್ಯಪಲ್‌ನ ಐಫೋಟೋ, 2004ರಲ್ಲಿ ಗೂಗಲ್ ಉಚಿತವಾಗಿ ಕೊಟ್ಟ ಪಿಕಾಸಾ, ಇವೆಲ್ಲ ಆ ಲೋಕಕ್ಕೆ ಕಟ್ಟಿದವು. ಸ್ಟಿಲ್ ಕ್ಯಾಮೆರಾದಲ್ಲಿ ಹಿಡಿದ ಚಿಕ್ಕ ವಿಡಿಯೋ ಡಿಸಿಐಎಂ ಒಳಗೇ ಇರ್ತಿದ್ದರಿಂದ ಅದೂ ಫೋಟೋ ಜೊತೆ ಬರ್ತಿತ್ತು. ಹಾಗಾಗಿ ಜನರಿಗೆ 'ಇದು ವಿಡಿಯೋನೂ ತಗೊಳ್ತದೆ' ಅನ್ನೋ ನಂಬಿಕೆ ಬಂತು. ಕ್ಯಾಮ್‌ಕಾರ್ಡರ್ ವಿಡಿಯೋ ವಿಷಯಕ್ಕೆ ಬಂದರೆ, 2007ರಲ್ಲಿ ಆ್ಯಪಲ್ ಎವಿಸಿಎಚ್‌ಡಿಗೆ ಬಾಗಿಲು ತೆರೆದದ್ದು ಐಮೂವಿ ಅನ್ನೋ ಬೇರೆ ಸಾಫ್ಟ್‌ವೇರಿನಲ್ಲಿ. ಅಲ್ಲೂ ಇಂಟೆಲ್ ಪ್ರೊಸೆಸರಿನ ಹೊಸ ಮ್ಯಾಕ್ ಬೇಕಿತ್ತು. ಇಳಿಸುವಾಗ ಅದು ಫೈಲನ್ನ ಬೇರೆ ರೂಪಕ್ಕೆ ಬದಲಾಯಿಸಿ ಹಲವು ಪಟ್ಟು ದಪ್ಪ ಮಾಡ್ತಿತ್ತು. ವಿಂಡೋಸ್ ಎಕ್ಸ್‌ಪಿಗೆ ಈ ವಿಡಿಯೋದ ಎಚ್.264 ಭಾಷೆ ಸ್ವಂತವಾಗಿ ಬರ್ತಿರಲಿಲ್ಲ. 2009ರ ವಿಂಡೋಸ್ 7ಗೆ ಬರ್ತಿತ್ತು. ನಮ್ಮ ತಾಲೂಕು ಕೇಂದ್ರದ ಸೈಬರ್ ಸೆಂಟರುಗಳಲ್ಲಿ ಆಮೇಲೂ ಎಷ್ಟು ವರ್ಷ ಎಕ್ಸ್‌ಪಿ ಓಡ್ತು ಅಂತ ನಿಮಗೇ ಗೊತ್ತು.

ಈಗ ಎರಡನ್ನೂ ಸೇರಿಸಿ ನೋಡಿ. ಒಂದೇ ಕಾರ್ಡು. ಫೋಟೋ ಡಿಸಿಐಎಂನಲ್ಲಿ, ವಿಡಿಯೋ ಪ್ರೈವೇಟ್‌ನಲ್ಲಿ. ಸಾಫ್ಟ್‌ವೇರು ತನಗೆ ಗೊತ್ತಿದ್ದ ಕೋಣೆಗೆ ಹೋಗಿ, ಸಿಕ್ಕಿದ್ದನ್ನ ತಂದು, 'ಮುಗೀತು' ಅಂತ ಹೇಳ್ತು. ಅದು ಸುಳ್ಳು ಹೇಳಲಿಲ್ಲ. 'ಇನ್ನೊಂದು ಕೋಣೆ ಇದೆ, ಅದಕ್ಕೆ ನಾನು ಹೋಗಿಲ್ಲ' ಅಂತ ಮಾತ್ರ ಹೇಳಲಿಲ್ಲ.

ತಂತ್ರಜ್ಞಾನಕ್ಕೆ ಜಾತಿ ಇಲ್ಲ ಅಂತಾರೆ. ಇಲ್ಲದೇ ಇರಬಹುದು. ಆದರೆ ಅದನ್ನ ಮಾಡಿದವರ ತಲೆಯಲ್ಲಿ ಬಳಸುವವನ ಒಂದು ಚಿತ್ರ ಇರ್ತದೆ. ಕ್ಯಾಮೆರಾ ಅವನದೇ, ಕಂಪ್ಯೂಟರ್ ಅವನದೇ, ಕಾರ್ಡ್ ನಾಳೆ ವಾಪಸ್ ಕೊಡಬೇಕಿಲ್ಲ. ಇವತ್ತು ಬರದಿದ್ದರೆ ನಾಳೆ ಬೇರೆ ಸಾಫ್ಟ್‌ವೇರ್ ಹಾಕಿ ನೋಡ್ತಾನೆ. ಹುಟ್ಟುಹಬ್ಬದ ವಿಡಿಯೋ ಹೋದರೆ ಬೇಜಾರು, ಅಷ್ಟೇ. ಎಲ್ಲವನ್ನೂ ಎರವಲು ತಂದು, ಒಂದು ರಾತ್ರಿಯಲ್ಲಿ ಕೆಲಸ ಮುಗಿಸಬೇಕಾದ ಹೋರಾಟಗಾರ ಆ ಚಿತ್ರದಲ್ಲಿರಲಿಲ್ಲ.

ಹೇಗೋ ಮಾಡಿ ಫೈಲು ಇಳಿಸಿಕೊಂಡವರಿಗೂ ಎರಡು ಪೆಟ್ಟು ಬಿತ್ತು.

ಒಂದು, ತುಂಡಾಗೋದು. ಕಾರ್ಡುಗಳ ಕಡತ ವ್ಯವಸ್ಥೆಯಲ್ಲಿ ಒಂದು ಫೈಲು 4 ಜಿಬಿ ದಾಟುವಂತಿರಲಿಲ್ಲ. ಕೆಲವು ಕ್ಯಾಮೆರಾ 2 ಜಿಬಿಗೇ ಕತ್ತರಿಸ್ತಿದ್ವು. ಹಾಗಾಗಿ ನಲವತ್ತು ನಿಮಿಷದ ಮಾತು ಎರಡು ಮೂರು ಫೈಲಾಗ್ತಿತ್ತು. ಅವು ಹೇಗೆ ಜೋಡಣೆಯಾಗಬೇಕು ಅನ್ನೋ ಲೆಕ್ಕ ಪಕ್ಕದ ಬೇರೆ ಫೋಲ್ಡರುಗಳಲ್ಲಿ ಇರ್ತಿತ್ತು. 'ದೊಡ್ಡ ಫೈಲು ಸಾಕು' ಅಂತ ಎಂಟಿಎಸ್ ಮಾತ್ರ ಎಳೆದುಕೊಂಡವರು ಆ ಲೆಕ್ಕ ಕಳೆದುಕೊಂಡರು. ಅದಿಲ್ಲದೆ ಅಂಟಿಸಲು ಹೋದರೆ ಸಾಕ್ಷಿ ಹೇಳುವವನ ಮಾತಿನ ನಡುವೆಯೇ ಒಂದು ಅಂತರ ಬೀಳ್ತದೆ. ಕೋರ್ಟಿನಲ್ಲಿ ಎದುರು ವಕೀಲ ಆ ಅಂತರಕ್ಕೆ 'ತಿದ್ದಿದ್ದು' ಅಂತ ಹೆಸರಿಡ್ತಾನೆ.

ಎರಡು, ತಾರೀಖು. ಯಾವತ್ತು ತೆಗೆದದ್ದು ಅನ್ನೋದನ್ನ ಕ್ಯಾಮೆರಾ ವಿಡಿಯೋದೊಳಗೇ ಬರೆದಿರ್ತದೆ. ಬೇರೆ ರೂಪಕ್ಕೆ ಬದಲಾಯಿಸಿ ಫೋಟೋ ಸಂಗ್ರಹಕ್ಕೆ ಸೇರಿಸುವಾಗ ಅದು ಎಷ್ಟೋ ಸಲ ಬಿದ್ದುಹೋಗಿ, ಬದಲಾಯಿಸಿದ ದಿನವೇ ಹುಟ್ಟಿದ ದಿನ ಆಗಿಬಿಡ್ತದೆ. 2009ರ ಧರಣಿ 2014ರ ಪುಟದಲ್ಲಿ ಕೂರ್ತದೆ. ಕುಟುಂಬದ ಆಲ್ಬಮ್ಮಿಗೆ ಇದು ಸಣ್ಣ ತಪ್ಪು. ನಮಗೆ ಹಾಗಲ್ಲ. ಘಟನೆ ಮೊದಲೋ, ಎಫ್‌ಐಆರ್ ಮೊದಲೋ ಅನ್ನೋದರ ಮೇಲೆ ಕೇಸು ನಿಲ್ತದೆ.

ಯಾಕೆ ಇಷ್ಟು ಒತ್ತಿ ಹೇಳ್ತಿದ್ದೀನಿ ಅಂದ್ರೆ, ಕಂಬಾಲಪಲ್ಲಿ ನೆನಪು ಮಾಡಿಕೊಳ್ಳಿ. 2000ದ ಮಾರ್ಚ್ 11ರಂದು 7 ಜನ ದಲಿತರನ್ನ ಸುಟ್ಟುಹಾಕಿದರು. ಸಾಕ್ಷಿಗಳು ಒಬ್ಬರಾದ ಮೇಲೆ ಒಬ್ಬರು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳ ಬಿಡುಗಡೆಯಾಯ್ತು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡೀತು. ವಿಡಿಯೋ ಇದ್ದಿದ್ದರೆ ಶಿಕ್ಷೆ ಆಗ್ತಿತ್ತು ಅಂತ ನಾನು ಹೇಳ್ತಿಲ್ಲ. ಆದರೆ ಬಡ ಸಾಕ್ಷಿ ಬೆದರಿಕೆಗೆ, ಹೊಟ್ಟೆಪಾಡಿಗೆ ಬಗ್ಗಬೇಕಾಗ್ತದೆ ಅಂತ ನಮಗೆ ಗೊತ್ತು. ಬಗ್ಗುವ ಮುಂಚೆ ಅವನು ಹೇಳಿದ ಮಾತು ಎಲ್ಲಾದರೂ ಇರಬೇಕು.

ಕಾನೂನೂ ಇದನ್ನ ಒಂದಿಷ್ಟು ಒಪ್ಪಿದೆ. ದೌರ್ಜನ್ಯ ತಡೆ ಕಾಯ್ದೆಗೆ ತಂದ ತಿದ್ದುಪಡಿ 2016ರ ಜನವರಿ 26ರಿಂದ ಜಾರಿಯಲ್ಲಿದೆ. ಅದರ 15ಎ ಕಲಮಿನ 10ನೇ ಉಪಕಲಮು ಈ ಕಾಯ್ದೆಯ ಅಪರಾಧಗಳಿಗೆ ಸಂಬಂಧಿಸಿದ ಎಲ್ಲ ಕಲಾಪಗಳ ವಿಡಿಯೋ ರೆಕಾರ್ಡಿಂಗ್ ಆಗಬೇಕು ಅನ್ನುತ್ತದೆ. ಅದನ್ನ ಕೇಳಿ ಪಡೆಯೋದು ನಮ್ಮ ಹಕ್ಕು. ಇನ್ನು ನಾವು ತೆಗೆದ ವಿಡಿಯೋ ವಿಷಯ. ಎಲೆಕ್ಟ್ರಾನಿಕ್ ದಾಖಲೆಯ ಪ್ರತಿ ಕೊಡುವಾಗ ಪ್ರಮಾಣಪತ್ರ ಬೇಕೇ ಬೇಕು ಅಂತ ಸುಪ್ರೀಂ ಕೋರ್ಟ್ 2014ರ ಅನ್ವರ್ ಪ್ರಕರಣದಲ್ಲಿ ಹೇಳಿತು, 2020ರಲ್ಲಿ ಮತ್ತೆ ಖಚಿತಪಡಿಸಿತು. ಹಳೇ ಸಾಕ್ಷ್ಯ ಕಾಯ್ದೆಯ 65ಬಿ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು, 2024ರ ಜುಲೈ 1ರಿಂದ. ಅದರ ನಮೂನೆಯಲ್ಲಿ ಹ್ಯಾಶ್ ಮೌಲ್ಯ ಬರೆಯಬೇಕು. ಹ್ಯಾಶ್ ಅಂದ್ರೆ ಫೈಲಿನ ಬೆರಳಚ್ಚು. ಒಳಗಿನ ಒಂದು ಚುಕ್ಕೆ ಬದಲಾದರೂ ಅದು ಬೇರೆ ಆಗ್ತದೆ. ಸಾಫ್ಟ್‌ವೇರ್ ಬದಲಾಯಿಸಿ ಕೊಟ್ಟ ಫೈಲಿಗೂ ಕಾರ್ಡಿನ ಮೂಲ ಫೈಲಿಗೂ ಬೆರಳಚ್ಚು ಹೊಂದೋದಿಲ್ಲ.

ಫೋಟೋ ಸಾಫ್ಟ್‌ವೇರನ್ನೇ ಕಪಾಟು ಅಂತ ನಂಬಿದವರ ಕಥೆ ಇನ್ನೊಂದು. ಪಿಕಾಸಾವನ್ನ ಗೂಗಲ್ 2016ರಲ್ಲಿ ನಿಲ್ಲಿಸಿತು. ಐಫೋಟೋ ಜಾಗಕ್ಕೆ 2015ರಲ್ಲಿ ಫೋಟೋಸ್ ಬಂತು. ಆಲ್ಬಮ್ಮಿಗೆ ಬರೆದಿದ್ದ ಊರು, ಹೆಸರು, ವಿವರ ಎಷ್ಟೋ ಜನರಿಗೆ ಮತ್ತೆ ಸಿಗಲಿಲ್ಲ. ಕಂಪನಿಯ ಆಯಸ್ಸು ನಮ್ಮ ಚರಿತ್ರೆಯ ಆಯಸ್ಸಾಗಬಾರದು.

'ಅಣ್ಣಾ, ಈಗೆಲ್ಲ ಮೊಬೈಲು, ಆ ಸಮಸ್ಯೆ ಮುಗೀತಲ್ಲ' ಅಂತೀರ. ಅರ್ಧ ನಿಜ. ಮೊಬೈಲು ಫೋಟೋ, ವಿಡಿಯೋ ಎರಡನ್ನೂ ಡಿಸಿಐಎಂನಲ್ಲೇ ಇಡ್ತದೆ. ಆದರೆ 2017ರಿಂದ ಐಫೋನು ಎಚ್‌ಇವಿಸಿ ಅನ್ನೋ ಹೊಸ ರೂಪದಲ್ಲಿ ಬರೀತದೆ, ಹಳೇ ಕಂಪ್ಯೂಟರ್ ಅದಕ್ಕೂ ಕಣ್ಣು ಮುಚ್ಚಿಕೊಳ್ತದೆ. ಅದಕ್ಕಿಂತ ದೊಡ್ಡದು ವಾಟ್ಸಾಪ್. ವಿಡಿಯೋ ಅಂತ ಕಳಿಸಿದರೆ ಹಿಂಡಿ ಚಿಕ್ಕದು ಮಾಡ್ತದೆ, ಮೂಲದ ತಾರೀಖಿನ ಗುರುತು ಕಳಚಿಹೋಗ್ತದೆ. ದೌರ್ಜನ್ಯದ ವಿಡಿಯೋ ನೂರು ಗುಂಪಿಗೆ ಹೋಗಿರ್ತದೆ, ಮೂಲ ಫೋನು ರಿಪೇರಿಗೆ ಹೋಗಿರ್ತದೆ. ಅಜ್ಜಿಯ ಕಾರ್ಡಿನ ಕಥೆಯೇ ಮತ್ತೆ.

ಹಾಗಾಗಿ ಸಂಗಾತಿಗಳೇ, ಇಷ್ಟು ಮಾಡೋಣ.

ಹಳೇ ಕಾರ್ಡು, ಕ್ಯಾಮ್‌ಕಾರ್ಡರ್ ಹಾರ್ಡ್‌ಡಿಸ್ಕ್ ಸಿಕ್ಕರೆ ಯಾವ ಫೋಟೋ ಸಾಫ್ಟ್‌ವೇರನ್ನೂ ಮೊದಲು ತೆರೀಬೇಡಿ. ಕಾರ್ಡಿನಲ್ಲಿರುವ ಎಲ್ಲ ಫೋಲ್ಡರನ್ನ, ಪ್ರೈವೇಟ್ ಸಮೇತ, ಇದ್ದ ಹಾಗೇ ಕಾಪಿ ಮಾಡಿ. ಮ್ಯಾಕ್‌ನಲ್ಲಿ ಎವಿಸಿಎಚ್‌ಡಿ ಒಂದೇ ಗಂಟಿನ ಹಾಗೆ ಕಾಣ್ತದೆ. ಬಿಚ್ಚಬೇಡಿ, ಗಂಟೇ ಎತ್ತಿಡಿ. ಎರಡು ಡಿಸ್ಕಿನಲ್ಲಿ, ಎರಡು ಮನೆಯಲ್ಲಿ. ಹ್ಯಾಶ್ ತೆಗೆದು ಪುಸ್ತಕದಲ್ಲಿ ಬರೆದಿಡಿ.

ನೋಡೋಕೆ ವಿಎಲ್‌ಸಿ ಸಾಕು, ಉಚಿತ. ಹಂಚೋಕೆ ಎಂಪಿ4 ಬೇಕಾದರೆ ಎಫ್‌ಎಫ್‌ಎಂಪೆಗ್ ಅನ್ನೋ ಉಚಿತ ಸಲಕರಣೆ ಇದೆ. ಚಿತ್ರವನ್ನ ಮತ್ತೆ ಹಿಂಡದೆ ಬರೀ ಹೊರಗಿನ ಹೊದಿಕೆ ಬದಲಾಯಿಸಬಹುದು. ಆ ಪ್ರತಿಯನ್ನ ಬೇಕಾದ ಆಲ್ಬಮ್ಮಿಗೆ ಸೇರಿಸಿ. ಮೂಲ ಮುಟ್ಟಬೇಡಿ. ಮೊಬೈಲ್ ವಿಡಿಯೋ ವಾಟ್ಸಾಪಿನಲ್ಲಿ ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಅಂತ ಕಳಿಸಿ.

ಟೇಪು ಇರುವವರು ತಡ ಮಾಡಬೇಡಿ. ಟೇಪಿನ ಜೊತೆ ಅದನ್ನ ಆಡಿಸುವ ಯಂತ್ರವೂ ಸಾಯ್ತಿದೆ. ಬಳಸದ ಹಳೇ ಕ್ಯಾಮೆರಾ ಯಾರ ಅಟ್ಟದ ಮೇಲಾದರೂ ಇದ್ದರೆ ಗುಜರಿಗೆ ಹಾಕಬೇಡಿ. ಇಳಿಸಿದ್ದನ್ನ ಎಲ್ಲಿ ಇಡೋದು ಅನ್ನೋರಿಗೆ ಒಂದು ಮಾದರಿ ಇದೆ. 2008ರಲ್ಲಿ ಶುರುವಾದ ಪ್ಯಾಡ್.ಮಾ ಅನ್ನೋ ವಿಡಿಯೋ ಸಂಗ್ರಹ, ಬೆಂಗಳೂರಿನ ಆಲ್ಟರ್ನೇಟಿವ್ ಲಾ ಫೋರಂ ಕೂಡ ಅದನ್ನ ಕಟ್ಟಿದವರಲ್ಲಿ ಒಂದು. ಎಡಿಟ್ ಆದ ಸಿನಿಮಾ ಅಲ್ಲ, ಕತ್ತರಿಸದ ಮೂಲ ತುಣುಕನ್ನೇ ಮಾತಿನ ಬರಹದ ಸಮೇತ ಅಲ್ಲಿ ಇಡ್ತಾರೆ. ಅಂಥದ್ದೊಂದನ್ನ ನಾವು ಜಿಲ್ಲೆಗೊಂದರಂತೆ ಯಾಕೆ ಕಟ್ಟಬಾರದು? ಆದರೆ ಒಂದು ಎಚ್ಚರ. ಯಾರ ಮುಖ, ಯಾರ ಹೆಸರು ಹೊರಗೆ ಬರಬಹುದು ಅನ್ನೋದನ್ನ ಆ ಊರಿನ ನಮ್ಮ ಜನರನ್ನ ಕೇಳಿಯೇ ತೀರ್ಮಾನ ಮಾಡಬೇಕು. ಅವರು ಇನ್ನೂ ಅದೇ ಊರಲ್ಲಿ ಬದುಕ್ತಿದ್ದಾರೆ.

ಫೋನ್ ಮಾಡಿದ್ದ ಹುಡುಗನನ್ನ ಕರ್ಕೊಂಡು ಮೊನ್ನೆ ಭಾನುವಾರ ಆ ಕೇರಿಗೆ ಹೋಗಿದ್ದೆ. ಅಜ್ಜಿಯ ಮೊಮ್ಮಗಳು ಸಿಕ್ಕಳು. ಫೋಟೋ ತೋರಿಸಿದೆ. "ಇದು ಕಣದ ಕಥೆ ಹೇಳ್ತಿರೋದು, ಕೈ ಹಿಂಗೆ ಎತ್ತಿದ್ರೆ ಅದೇ" ಅಂದಳು. ತನಗೆ ನೆನಪಿದ್ದಷ್ಟು ಹೇಳಿದಳು, ಹದಿನೆಂಟು ನಿಮಿಷ. ಅಜ್ಜಿ ಹೇಳಿದ ಅರ್ಧಾನೂ ಅದರಲ್ಲಿ ಇಲ್ಲ. ಹುಡುಗ ಹೊರಡುವ ಮುಂಚೆ ಅಲ್ಲೇ ಜಗಲಿ ಮೇಲೆ ಲ್ಯಾಪ್‌ಟಾಪ್ ತೆಗೆದು, ಎರಡು ಡಿಸ್ಕಿಗೆ ಕಾಪಿ ಮಾಡಿ, ಎರಡನ್ನೂ ತೆರೆದು ಕೊನೇತನಕ ಓಡಿಸಿ ನೋಡಿದ. ಬಸ್ಸು ತಪ್ಪಿತು. ಪರವಾಗಿಲ್ಲ ಅಂದೆ.

ನಿಮ್ಮ ಹತ್ರ ಹಳೇ ಟೇಪು, ಕಾರ್ಡು ಏನಿದೆ, ಯಾವ ಊರಿನದು ಅಂತ ಕಾಮೆಂಟಿನಲ್ಲಿ ಬರೀರಿ. ಪಟ್ಟಿ ಮಾಡೋಣ, ಅಲ್ಲಿಂದ ಶುರು ಮಾಡೋಣ.

ಜೈಭೀಮ್.